ಗಂಗಮ್ಮನ ಮಚ್ಚೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಒಂದು ಮಚ್ಚೆಗೆ. ಅದು ಅಪ್ಪನ ಮುಖದಲ್ಲಿತ್ತು, ಮೂಗಿನ ಎಡ ಮಗ್ಗುಲಲ್ಲಿ, ಕಣ್ಣಿನ ಮೂಲೆಗೆ ಸ್ವಲ್ಪ ಕೆಳಗೆ. ಶುಕ್ರವಾರ ಬೆಳಿಗ್ಗೆ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ದೇವರಿಗಿಂತ ಮೊದಲು ಅದಕ್ಕೆ ಅರಿಶಿನ ಇಡುತ್ತಿದ್ದಳು. ನಮಗೆ ಹಬ್ಬಕ್ಕೆ ಮಾತ್ರ ಸಿಗುತ್ತಿದ್ದ ಬೆಣ್ಣೆ ಅದಕ್ಕೆ ದಿನಾ ಸಿಗುತ್ತಿತ್ತು. ನನಗಂತೂ ಆ ಮಚ್ಚೆಯನ್ನು ಕಂಡರೆ ಹೊಟ್ಟೆಕಿಚ್ಚು.

ಆಗ ಜಕ್ಕೂರಿನಲ್ಲಿ ನಮ್ಮದು ದ್ರಾಕ್ಷಿ ತೋಟ. ತೋಟದ ನಡುವೆ ಬಾವಿ ತೋಡಿಸುವಾಗ ಬರೀ ಬಂಡೆ ಸಿಕ್ಕಿ, ಊರವರೆಲ್ಲ ಇದು ಆಗದ ಕೆಲಸ ಎಂದು ಕೈ ಚೆಲ್ಲಿದ್ದರಂತೆ. ಅಪ್ಪ ಬಿಡದೆ ಅಗೆದ. ನೀರು ಬಿದ್ದ ವರ್ಷವೇ ಅವನ ಮುಖದಲ್ಲಿ ಆ ಕಪ್ಪು ಚುಕ್ಕೆ ಮೂಡಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಅಜ್ಜಿ ಅದನ್ನು ಗಂಗಮ್ಮನ ಮಚ್ಚೆ ಎಂದು ಕರೆದಳು, ಊರೂ ಹಾಗೇ ಕರೆಯಿತು. ಸುತ್ತಮುತ್ತ ಯಾರು ಬಾವಿ ತೋಡಿಸಿದರೂ ಮೊದಲ ಗುದ್ದಲಿ ಹಾಕಲು ಅಪ್ಪನೇ ಹೋಗಬೇಕಾಗಿತ್ತು. ಹೋಗುವಾಗ ಅವನು ಮುಖವನ್ನು ತುಸು ಬಲಕ್ಕೆ ತಿರುಗಿಸಿಕೊಂಡು ನಡೆಯುತ್ತಿದ್ದ, ಎಲ್ಲರಿಗೂ ಕಾಣಲಿ ಎಂದು.

ಮೊದಲು ರಾಗಿಕಾಳಿನಷ್ಟಿದ್ದ ಮಚ್ಚೆ ನನಗೆ ತಿಳಿವಳಿಕೆ ಬರುವ ಹೊತ್ತಿಗೆ ತೊಗರಿಕಾಳಿನಷ್ಟಾಗಿತ್ತು. ಆಮೇಲೆ ಅದರ ನಡುವೆ ಗುಳಿ ಬಿತ್ತು. ಗುಳಿಯ ಸುತ್ತ ಅಂಚು ಉಬ್ಬಿ, ಕರಿಮಣಿ ಪೋಣಿಸಿದಂತೆ ಮಿರಿಮಿರಿ ಹೊಳೆಯುತ್ತಿತ್ತು. ಅಪ್ಪ ಟವೆಲಿನಲ್ಲಿ ಮುಖ ಒರೆಸಿದರೆ ರಕ್ತ ಜಿನುಗುತ್ತಿತ್ತು. ಹಕ್ಕಳೆ ಕಟ್ಟಿ, ಇನ್ನೇನು ವಾಸಿಯಾಯಿತು ಅನ್ನುವಷ್ಟರಲ್ಲಿ ಅದು ಉದುರಿ ಮತ್ತೆ ಜಿನುಗುತ್ತಿತ್ತು. ಆದರೆ ನೋವು ಮಾತ್ರ ಇರಲಿಲ್ಲ. ನೋವಿಲ್ಲದ್ದಕ್ಕೆ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ? ಗಂಗಮ್ಮ ಬೆಳೆಯುತ್ತಿದ್ದಾಳೆ ಎಂದು ಅಜ್ಜಿ ಬೀಗಿದಳು.

ಅನುಮಾನ ಬಂದದ್ದು ಅಕ್ಕನಿಗೆ. ಅವಳು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದಳು, ಹಠಮಾರಿ. ಅಪ್ಪನ ಬೆನ್ನ ಮೇಲೂ ಮಚ್ಚೆಗಳಿದ್ದವು. ಎಣ್ಣೆ ಹಚ್ಚುವಾಗ ಅವಳು ಅವನ್ನು ನೋಡುತ್ತಿದ್ದಳು. ಅವು ಇದ್ದ ಹಾಗೇ ಇದ್ದವು. ಬೆಳೆಯುತ್ತಿದ್ದದ್ದು, ರಕ್ತ ಬರುತ್ತಿದ್ದದ್ದು ಇದೊಂದೇ. ತೋಟಕ್ಕೆ ಔಷಧಿ ಹೊಡೆದು ಕಣ್ಣು ಕೆಂಪಾಗಿದೆ ಎಂಬ ನೆವ ಮಾಡಿ ಅಪ್ಪನನ್ನು ಯಲಹಂಕದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಕಣ್ಣಿನ ಮಾತನ್ನೇ ಎತ್ತಲಿಲ್ಲ. ಮಚ್ಚೆಯ ಅಕ್ಕಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎಳೆದು ಹಿಡಿದು, ಆ ಹೊಳೆಯುವ ಅಂಚನ್ನು ತುಂಬ ಹೊತ್ತು ನೋಡಿ, ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಅದು ಮಚ್ಚೆಯಾಗಿರಲಿಲ್ಲ, ಚರ್ಮದ ಕ್ಯಾನ್ಸರ್ ಆಗಿತ್ತು.

ಅಲ್ಲಿನ ಡಾಕ್ಟರಮ್ಮ ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ವರ್ಷಗಟ್ಟಲೆ ಬಿಸಿಲು ತಿಂದ ಮುಖಕ್ಕೆ ಇದು ಬರಬಹುದಂತೆ. ಅಂಟುರೋಗವಲ್ಲ, ಯಾರ ದೃಷ್ಟಿಯೂ ಅಲ್ಲ. ಮೈಯ ಬೇರೆ ಕಡೆ ಹೋಗುವುದು ಬಹಳ ಅಪರೂಪ, ಆದರೆ ಇದ್ದ ಜಾಗವನ್ನು ಗೆದ್ದಲಿನ ಹಾಗೆ ಒಳಗೊಳಗೇ ತಿನ್ನುತ್ತದೆ. ಮೊದಲೇ ಬಂದಿದ್ದರೆ ಸಣ್ಣ ಕೆಲಸವಾಗುತ್ತಿತ್ತು. ಈಗ ಅದು ಕಣ್ಣಿನ ಹತ್ತಿರಕ್ಕೆ ಹರಡಿದೆ. ಇನ್ನೂ ತಡ ಮಾಡಿದರೆ ಎಡಗಣ್ಣನ್ನೇ ತೆಗೆಯಬೇಕಾಗುತ್ತದೆ. ಈಗಲೂ ಕಣ್ಣು ಉಳಿಯುತ್ತದೋ ಇಲ್ಲವೋ ಎಂಬುದು ಒಳಗೆ ನೋಡಿದ ಮೇಲೇ ಗೊತ್ತು. ಆಪರೇಷನ್ನಿಗೆ ದಿನ ಕೊಟ್ಟರು.

ಆ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬೇಸಿಗೆ. ತೋಟದಲ್ಲಿ ಮಾಗುತ್ತಿದ್ದ ಕಪ್ಪು ದ್ರಾಕ್ಷಿಯ ಹುಳಿಸಿಹಿ ವಾಸನೆ ಮನೆಯೊಳಗೆಲ್ಲ ತುಂಬಿತ್ತು. ಅಪ್ಪ ಎದ್ದವನೇ ಬಾವಿಗೆ ಹೋಗಿ ಬಗ್ಗಿ ನೋಡಿದ. ನೀರು ಒಂದು ಮೆಟ್ಟಿಲು ಕೆಳಗೆ ಇಳಿದಿತ್ತು. ಬೇಸಿಗೆಯಲ್ಲಿ ಯಾವಾಗಲೂ ಇಳಿಯುತ್ತದೆ, ಆದರೆ ಆವತ್ತು ಅಜ್ಜಿ ಬಾವಿಕಟ್ಟೆಯ ಮೇಲೇ ಕೂತುಬಿಟ್ಟಳು.

"ನೋಡ್ದಾ, ಇನ್ನೂ ಕುಯ್ಯಿಸ್ಕಂಡೇ ಇಲ್ಲ, ಆಗ್ಲೇ ಮುನಿಸ್ಕಂಡವ್ಳೆ," ಎಂದಳು. "ಮಚ್ಚೆ ಓದ್ರೆ ನೀರೂ ಓಯ್ತದೆ. ಆಮೇಲೆ ಮಕ್ಳಿಗೆ ಏನ್ ಇಕ್ತೀಯಾ?"

ಅಜ್ಜಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದೂ ಕಾಣುತ್ತಿತ್ತು. ಅಮ್ಮ ಬಾಣಂತಿ, ಹಸುಗೂಸನ್ನು ಬಿಟ್ಟು ಬರುವಂತಿರಲಿಲ್ಲ. ಅಕ್ಕನೇ ಅಪ್ಪನ ತೋಳು ಹಿಡಿದು ಹೊರಡಿಸಿದಳು. ಚಿಕ್ಕೋಳೂ ಬಂದರೆ ಬರುತ್ತೇನೆ ಎಂದ ಅಪ್ಪ. ನಾನು ಅವನ ಬಾಲವಾಗಿದ್ದೆನಲ್ಲ, ಹೀಗಾಗಿ ನಾನೂ ಹೊರಟೆ.

ಬಸ್ಸು ಹೆಬ್ಬಾಳದ ಕೆರೆ ದಾಟಿತು. ಅಪ್ಪನ ಉಗುರಿನ ಸಂದಿಯಲ್ಲಿ ಮೈಲುತುತ್ತದ ನೀಲಿ ಇನ್ನೂ ಉಳಿದಿತ್ತು, ಬಳ್ಳಿಗೆ ಹೊಡೆಯುವ ಔಷಧಿ ಅದು. ಹಿಂದಿನ ದಿನವೂ ತೋಟದಲ್ಲಿ ದುಡಿದಿದ್ದ. ಆಪರೇಷನ್ ಇದ್ದುದರಿಂದ ಬೆಳಿಗ್ಗೆಯಿಂದ ಒಂದು ಹನಿ ನೀರು ಕುಡಿಯುವಂತಿರಲಿಲ್ಲ. ಅವನು ತುಟಿ ಸವರಿಕೊಳ್ಳುವುದನ್ನು ನೋಡಿ ನನಗೂ ಬಾಯಾರಿತು, ಆದರೆ ಕೇಳಲು ಮನಸ್ಸು ಬರಲಿಲ್ಲ.

ಆಸ್ಪತ್ರೆಯಲ್ಲಿ ಫಿನಾಯಿಲಿನ ಘಾಟು. ಡಾಕ್ಟರಮ್ಮ ಬಂದು ಊದಾ ಬಣ್ಣದ ಮಸಿಯಲ್ಲಿ ಅಪ್ಪನ ಮುಖದ ಮೇಲೆ ಗುರುತು ಹಾಕಿದರು. ಮಚ್ಚೆಯ ಸುತ್ತ ಒಂದು ಚಿಕ್ಕ ಸುತ್ತು ಎಳೆಯುತ್ತಾರೆ ಎಂದುಕೊಂಡಿದ್ದೆ. ಗೆರೆ ಮೂಗಿನ ಹೊಳ್ಳೆಯವರೆಗೆ ಇಳಿಯಿತು, ಕಣ್ಣಿನ ಮೂಲೆಯನ್ನು ಮುಟ್ಟಿ ಮೇಲಕ್ಕೆ ಹೋಯಿತು. ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದಾಗಿ ಅದು ಚರ್ಮದ ಕೆಳಗೆ ಹರಡಿರುತ್ತದಂತೆ. ಹಣೆಯ ಮೇಲೂ ಉದ್ದಕ್ಕೆ ಗೆರೆ ಎಳೆದರು. ಅಪ್ಪ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡ. ಅವನ ಮುಖ ಅಷ್ಟು ಬಿಳಿಚಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಕ್ಕ ಔಷಧಿ ತರಲು ಹೋದಳು. ನಾನು ಬೆಂಚಿನ ಮೇಲೆ ಕಾಲಾಡಿಸುತ್ತಾ ಆಚೀಚೆ ನೋಡಿ ತಿರುಗುವಷ್ಟರಲ್ಲಿ ಅಪ್ಪ ಇರಲಿಲ್ಲ.

ವಾರ್ಡಿನಲ್ಲಿ ನೋಡಿದೆ, ಮೆಟ್ಟಿಲ ಹತ್ತಿರ ನೋಡಿದೆ. ಗೇಟಿನವರೆಗೆ ಓಡಿದೆ. ಊರಿಗೆ ಹೋಗುವ ಬಸ್ಸು ಹತ್ತಿಬಿಟ್ಟನೇ? ಒಳಗೆ ನರ್ಸ್ ಅಪ್ಪನ ಹೆಸರು ಹಿಡಿದು ಕೂಗುವುದು ಕೇಳಿಸುತ್ತಿತ್ತು. ಈ ಸರದಿ ತಪ್ಪಿದರೆ ಮತ್ತೆ ಯಾವಾಗಲೋ, ಅಷ್ಟರಲ್ಲಿ ಕಣ್ಣು ಏನಾಗುತ್ತದೋ. ಅಳುತ್ತಾ ಕಟ್ಟಡದ ಹಿಂದಕ್ಕೆ ಹೋದರೆ, ಅಲ್ಲಿ ಮರದ ಕೆಳಗೆ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅಪ್ಪ ಆ ಜಾಲರಿಯ ಮೇಲೆ ಬಗ್ಗಿಕೊಂಡು ಒಳಗೆ ನೋಡುತ್ತಿದ್ದ. ಎಲ್ಲಿ ಹೋದರೂ ಕಾಲು ಅವನನ್ನು ಬಾವಿಯ ಹತ್ತಿರವೇ ಒಯ್ಯುತ್ತಿತ್ತು.

ನಾನು ಅಂಗಿ ಹಿಡಿದು ಎಳೆದೆ. ಅವನು ಏಳಲಿಲ್ಲ. ಮನೆಗೆ ಹೋಗೋಣ, ಬಾವಿ ಬತ್ತಿದರೆ ನಾವು ಬದುಕುವುದು ಹೇಗೆ, ಇಷ್ಟು ದಿನ ಇದ್ದ ಮಚ್ಚೆ ಇನ್ನಷ್ಟು ದಿನ ಇರಲಿ ಎಂದ. ಅವನ ದನಿ ಅಪ್ಪನ ದನಿಯ ಹಾಗಿರಲಿಲ್ಲ.

ನನಗೆ ದೊಡ್ಡವರ ಹಾಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ತೋಚಿದ್ದನ್ನು ಕೇಳಿದೆ. "ಕಣ್ಣೇ ಓದ್ರೆ, ಬಾವೀಲಿ ನೀರೈತೋ ಇಲ್ವೋ ಎಂಗಪ್ಪಾ ನೋಡ್ತೀಯಾ?"

ಅಪ್ಪ ನನ್ನ ಕಡೆ ನೋಡಿದ. ಆಮೇಲೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಒಂದೇ ಕಣ್ಣಿನಲ್ಲಿ ಬಾವಿಯೊಳಗೆ ಇಣುಕಿದ. ಒಂದು ಕಲ್ಲು ಎತ್ತಿ ಹಾಕಿದ. ನೀರಿನ ಸದ್ದು ಬಂತು. ಕೈ ತೆಗೆದು ಎರಡೂ ಕಣ್ಣಿನಲ್ಲಿ ನೋಡಿದ, ಮತ್ತೆ ಮುಚ್ಚಿಕೊಂಡು ನೋಡಿದ.

"ಒಂದ್ ಕಣ್ಣಲ್ಲಿ ಆಳಾನೇ ಗೊತ್ತಾಗಲ್ಲ ಕಣವ್ವ," ಎಂದ ಮೆಲ್ಲಗೆ.

ಎದ್ದು ಪಂಚೆ ಕೊಡವಿಕೊಂಡ. ನಾವು ಒಳಗೆ ಬರುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಔಷಧಿಯ ಪೊಟ್ಟಣ ಎದೆಗೆ ಒತ್ತಿಕೊಂಡು. ಬೈಯಲಿಲ್ಲ. ಬೈಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಅಪ್ಪನನ್ನು ಕರೆದುಕೊಂಡು ಹೋಗಿ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಹೊತ್ತು ಹೋಗಲೇ ಇಲ್ಲ. ನಾನು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ನಿದ್ದೆ ಬರಲಿಲ್ಲ. ಅವಳ ಬೆರಳು ನನ್ನ ಜಡೆ ಬಿಚ್ಚುವುದು, ಹೆಣೆಯುವುದು, ಮತ್ತೆ ಬಿಚ್ಚುವುದು. ತಾನು ಕರೆದುಕೊಂಡು ಬಂದದ್ದಕ್ಕೆ ಅಪ್ಪನಿಗೆ ಏನಾದರೂ ಆದರೆ ಅಜ್ಜಿಗೆ ಹೇಗೆ ಮುಖ ತೋರಿಸಲಿ ಎಂದು ಒಮ್ಮೆ ಕೇಳಿದಳು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು, ಬೇರೆ ಯಾರದೋ ಹೆಸರು ಕೇಳಿ ಕೂರುತ್ತಿದ್ದೆವು.

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗಿಳಿಸಿ ಅಕ್ಕನ ಭುಜದ ಮೇಲೆ ಕೈಯಿಟ್ಟರು. "ಕಣ್ಣು ಉಳೀತು ಕಣಮ್ಮ. ಇನ್ನೊಂದು ಸ್ವಲ್ಪ ತಡ ಆಗಿದ್ರೆ ನನ್ ಕೈಲೂ ಆಗ್ತಿರ್ಲಿಲ್ಲ."

ಅಕ್ಕ ಆಗ ಅತ್ತಳು, ಬಿಕ್ಕಿ ಬಿಕ್ಕಿ. ಡಾಕ್ಟರಮ್ಮ ಅವಳು ಸುಧಾರಿಸಿಕೊಳ್ಳುವವರೆಗೆ ಕಾದು ಉಳಿದದ್ದನ್ನು ಹೇಳಿದರು. ಗಡ್ಡೆಯ ಬೇರು ಮೂಳೆಯ ತನಕ ಇಳಿದಿತ್ತು. ಮೂಗಿನ ಒಂದು ಪಕ್ಕವನ್ನೇ ತೆಗೆಯಬೇಕಾಯಿತು. ತೆಗೆದದ್ದರ ಅಂಚಿನಲ್ಲಿ ಇನ್ನೂ ರೋಗ ಉಳಿದಿದೆಯೇ ಎಂದು ಪರೀಕ್ಷೆಗೆ ಕಳಿಸಿದ್ದಾರೆ. ಉಳಿದಿದ್ದರೆ ಕರೆಂಟ್ ಕೊಡಿಸಬೇಕು, ಅಂದರೆ ಕಣ್ಣಿಗೆ ಕಾಣದ ಕಿರಣಗಳಿಂದ ಅದನ್ನು ಸುಡಬೇಕು. ಹೋದ ಮೂಗಿನ ಜಾಗಕ್ಕೆ ಹಣೆಯ ಚರ್ಮವನ್ನೇ ಇಳಿಸಿ ಹೊಲಿದಿದ್ದಾರೆ.

ಅದನ್ನು ನೋಡಿದಾಗ ನನಗೆ ನಿಜಕ್ಕೂ ಭಯವಾಯಿತು. ಮುಖವೆಲ್ಲ ಪಟ್ಟಿ, ಊತ. ಹಣೆಯಿಂದ ಮೂಗಿಗೆ ಚರ್ಮದ ಒಂದು ತುಂಡು ಸೊಂಡಿಲಿನ ಹಾಗೆ ಇಳಿದಿತ್ತು. ಹೊಸ ಜಾಗದಲ್ಲಿ ಬೇರು ಬಿಡುವ ತನಕ ಅದು ಹಾಗೇ ಇರಬೇಕಂತೆ, ಆಮೇಲೆ ನಡುವಿನದನ್ನು ಕತ್ತರಿಸುತ್ತಾರಂತೆ. ನಾನು ಅಕ್ಕನ ಲಂಗದ ಹಿಂದೆ ಅಡಗಿದೆ. ಅಪ್ಪ ಅರೆಮಂಪರಿನಲ್ಲಿ ಕೈ ಎತ್ತಿ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಊದಿಕೊಂಡ ಎಡಗಣ್ಣಿನ ಸಣ್ಣ ಸೀಳಿನಲ್ಲಿ ನನ್ನನ್ನು ಹುಡುಕಿದ. ನಾನು ಈಚೆ ಬಂದೆ. ಅವನು ತಲೆಯಾಡಿಸಿದ.

ಆಮೇಲೆ ಕರೆಂಟನ್ನೂ ಕೊಡಿಸಬೇಕಾಯಿತು. ಅಪ್ಪ ದಿನಾ ಬಸ್ಸು ಹತ್ತಿ ಹೋಗಿಬರುತ್ತಿದ್ದ, ಚರ್ಮ ಕೆಂಪಾಗಿ ಸುಲಿದರೂ ಒಂದು ದಿನವೂ ತಪ್ಪಿಸಲಿಲ್ಲ. ಮಳೆಗಾಲ ಬಂತು, ಬಾವಿಯ ನೀರು ಎಂದಿನಂತೆ ಮೆಟ್ಟಿಲೇರಿತು. ಅಜ್ಜಿ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಆದರೆ ಹಣೆಯ ಮೇಲ್ತುದಿಯ ಚರ್ಮ ಮೂಗಿಗೆ ಬಂದಿತ್ತಲ್ಲ, ಅದರಲ್ಲಿ ನಾಲ್ಕಾರು ತಲೆಗೂದಲು ಹುಟ್ಟಿಕೊಂಡವು. ಅಜ್ಜಿಗೆ ಅಷ್ಟೇ ಸಾಕಾಯಿತು. ಗಂಗಮ್ಮ ಎಲ್ಲೂ ಹೋಗಿಲ್ಲ, ಪೈರಾಗಿ ಬಂದಿದ್ದಾಳೆ ಎಂದು ಊರಿಗೆಲ್ಲ ಸಾರಿದಳು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ. ಅಪ್ಪ ಗಡ್ಡದ ಜೊತೆಗೆ ಮೂಗನ್ನೂ ಬೋಳಿಸಿಕೊಳ್ಳುತ್ತಾ ನಗುತ್ತಿದ್ದ. ಗುದ್ದಲಿ ಹಾಕಲು ಜನ ಅವನನ್ನು ಕರೆಯುವುದೂ ನಿಲ್ಲಲಿಲ್ಲ.

ಮೊಮ್ಮಕ್ಕಳೇ, ಈಗ ಆ ತೋಟ ಇಲ್ಲ. ಅಲ್ಲಿ ಎದ್ದಿರುವ ಅಪಾರ್ಟ್‌ಮೆಂಟಿನಲ್ಲೇ ನಾವಿದ್ದೇವೆ, ಬಾವಿಯಿದ್ದ ಜಾಗದಲ್ಲಿ ನಿಮ್ಮಪ್ಪ ಕಾರು ನಿಲ್ಲಿಸುತ್ತಾನೆ. ನೀವು ಈಜಲು ಹೋಗುವಾಗ ಬಿಸಿಲಿನ ಕ್ರೀಮ್ ಬಳಿದುಕೊಳ್ಳುತ್ತೀರಿ, ಟೋಪಿ ಹಾಕಿಕೊಳ್ಳುತ್ತೀರಿ. ಅಪ್ಪನಿಗೆ ಇದ್ದದ್ದು ಹೆಗಲ ಮೇಲಿನ ಟವೆಲ್ ಒಂದೇ. ಈಗಿನ ಡಾಕ್ಟರು ಬೆಳಕು ಬಿಡುವ ಭೂತಗನ್ನಡಿಯಲ್ಲಿ ನೋಡಿ ಮಚ್ಚೆಯ ಬಣ್ಣ ಬಯಲು ಮಾಡುತ್ತಾರೆ. ಕತ್ತರಿಸಲಾಗದಷ್ಟು ಹರಡಿದ್ದಕ್ಕೆ ಮಾತ್ರೆಯೂ ಬಂದಿದೆಯಂತೆ. ದಿನಕ್ಕೆ ಹತ್ತು ಸಲ ಫೋನಿನಲ್ಲಿ ಮುಖದ ಫೋಟೋ ತೆಗೆಯುತ್ತೀರಿ, ಆದರೆ ಅದರಲ್ಲಿರುವ ಚುಕ್ಕೆಗಳನ್ನೆಲ್ಲ ಅಳಿಸಿ ಬೆಳ್ಳಗೆ ಮಾಡುತ್ತೀರಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಳಿಸಿದರೆ ನೋಡುವವರು ಯಾರು?

ಅದಕ್ಕೇ ಮೊನ್ನೆ ನಿಮ್ಮಲ್ಲಿ ಕಿರಿಯವನು ನನ್ನ ಜಡೆ ಎಳೆದು ಆಡುವಾಗ ಕಿವಿಯ ಹಿಂದೆ ಏನೋ ಕಂಡು ನಿಂತದ್ದು ನನಗೆ ಎಷ್ಟು ಸಂತೋಷ ಕೊಟ್ಟಿತೆಂದರೆ ಹೇಳತೀರದು. ಫೋನಿನ ಟಾರ್ಚು ಹಾಕಿ ಹತ್ತಿರದಿಂದ ನೋಡಿದ. ಅದು ಏನೂ ಅಲ್ಲ, ವಯಸ್ಸಿಗೆ ಬರುವ ಕಲೆ ಎಂದು ಡಾಕ್ಟರ್ ಹೇಳಿದ್ದು ಆಮೇಲಿನ ಮಾತು. ಆದರೆ ಆ ಹೊತ್ತಿನಲ್ಲಿ ನನ್ನ ಕೈ ತಾನಾಗಿ ಎಡಗಣ್ಣಿಗೆ ಹೋಗಿತ್ತು.

"ಅಜ್ಜಿ, ಇಲ್ಲೊಂದು ಕಪ್ಪು ಮಚ್ಚೆ ಇದೆ. ಲಕ್ಕಿನಾ ಇದು?" ಎಂದು ಕೇಳಿದ.

"ಲಕ್ಕೋ ಗಿಕ್ಕೋ ಡಾಕ್ಟ್ರು ನೋಡಿ ಹೇಳ್ಲಿ ಕಣೋ," ಎಂದೆ. "ಚಪ್ಪಲಿ ಹಾಕ್ಕೋ, ಈಗ್ಲೇ ಹೋಗೋಣ."