ದೊರೆ ತೆರೆಯದ ಬಾಗಿಲು

ಅಬುಧಾಬಿಯಲ್ಲಿ ನಾನು ಸೆಕ್ರೆಟರಿಯಾಗಿದ್ದ ಆಫೀಸಿನ ಮ್ಯಾನೇಜರು ಸ್ಕಾಟ್ಲೆಂಡಿನವರು. ಮದೀನತ್ ಜಾಯೆದ್ ಕಡೆಯ ಎಣ್ಣೆ ಬಾವಿಗಳಲ್ಲಿ ಅರ್ಧ ಆಯುಷ್ಯ ಕಳೆದ ಎಂಜಿನಿಯರ್. ನಿವೃತ್ತರಾಗಿ ದುಬೈ ಸೇರಿದ ಮೇಲೆ ತಮ್ಮ ವಂಶದ ಒಬ್ಬ ದೊರೆಯ, ಅಂದರೆ ಹಳೆಯ ಕಾಲದ ದೊಡ್ಡ ಜಮೀನ್ದಾರನ, ಕಥೆ ಬರೆಯಲು ಹೊರಟರು. ಕೈ ನಡುಗುತ್ತಿದ್ದುದರಿಂದ ಟೈಪ್ ಮಾಡಲು ನನ್ನನ್ನು ಕರೆದರು. ಅಷ್ಟರಲ್ಲಿ ನಾವೂ ದುಬೈನ ಊದ್ ಮೇಥಾಕ್ಕೆ ಮನೆ ಬದಲಿಸಿದ್ದೆವು. ಶನಿವಾರ ಬೆಳಿಗ್ಗೆ ಹೋಗಿ ಬರುತ್ತಿದ್ದೆ.

ದೊರೆಯ ಕಾಲದಲ್ಲಿ ರಾಜನೊಬ್ಬ ತನಗೆ ಒಪ್ಪಿದ ಪ್ರಾರ್ಥನೆಯನ್ನೇ ಎಲ್ಲ ಚರ್ಚುಗಳ ಮೇಲೆ ಹೇರಿದನಂತೆ. ದೇಶ ಎರಡಾಗಿ ಯುದ್ಧ ಹತ್ತಿಕೊಂಡಿತು. ದೊರೆ ರಾಜನ ಪಕ್ಷ, ಹಿರಿಮಗ ಎದುರು ಪಾಳಯ. ಒಂದು ಚಳಿಗಾಲ ಮಗ ಗಾಯಗೊಂಡು, ಜ್ವರದಲ್ಲಿ ಮನೆಗೆ ಬಂದ. ತಾಯಿ ಕಾಲು ಹಿಡಿದರೂ ದೊರೆ ಬಾಗಿಲು ತೆಗೆಯಗೊಡಲಿಲ್ಲ. ಹಿಟ್ಟಿನ ಗಿರಣಿಯವನ ಮನೆಯಲ್ಲಿ ಮಲಗಿದ್ದ ಮಗನನ್ನು ತಾಯಿ ದಿನವೂ ಹಿಮ ತುಳಿದು ಹೋಗಿ ನೋಡಿಕೊಂಡಳು. ಅವನು ಉಳಿಯಲಿಲ್ಲ. ಆಮೇಲೆ ಅವಳು ಗಂಡನ ಜೊತೆ ಕೂತು ಉಣ್ಣಲೇ ಇಲ್ಲ.

ಆ ಭಾಗಕ್ಕೆ ಬಂದಾಗ ಮ್ಯಾನೇಜರು, “ಅವತ್ತು ದೊರೆ ಮನೆಯಲ್ಲಿರಲಿಲ್ಲ ಅಂತ ಬರೆಯಿರಿ” ಎಂದರು.

“ಮನೆಯಲ್ಲೇ ಇದ್ದ ಅಂದಿದ್ರಲ್ಲ ಸರ್?”

“ಇರಲಿಲ್ಲ ಅಂತಲೇ ನಮ್ಮ ಮನೆಯವರೆಲ್ಲ ಹೇಳಿಕೊಂಡು ಬಂದಿದ್ದೇವೆ. ನಿಜ ಹೇಳಿದ್ದು ನನ್ನ ಅಜ್ಜಿ ಒಬ್ಬಳೇ.”

ಅವತ್ತು ಬರವಣಿಗೆ ಮುಂದೆ ಸಾಗಲಿಲ್ಲ. ಚಹಾ ಕುಡಿಯುತ್ತ ಅವರು ತಮ್ಮ ಮಗನ ಮಾತೆತ್ತಿದರು. ಅವನಿರುವುದು ಅಬುಧಾಬಿಯಲ್ಲೇ. ಸ್ಕಾಟ್ಲೆಂಡ್ ಬೇರೆ ದೇಶವಾಗಬೇಕೇ ಎಂದು ಅಲ್ಲಿ ಮತ ಹಾಕಿಸಿದ ವರ್ಷ ಇಬ್ಬರಿಗೂ ಜಗಳವಾಗಿ, ಇವರು ಅವನಿಗೆ ಮನೆಗೆ ಕಾಲಿಡಬೇಡ ಎಂದಿದ್ದರು. ತಾಯಿ ತೀರಿಕೊಂಡಾಗಲೂ ಮಗ ಸ್ಮಶಾನಕ್ಕೆ ಬಂದು ಹಾಗೆಯೇ ಹೋಗಿದ್ದ.

“ದೇಶ ಬೇರೆಯಾಗಲಿಲ್ಲ. ನಾವು ಆದೆವು” ಎಂದರು.

ಮನೆಯಲ್ಲಿ ಹೇಳಿದರೆ ನನ್ನ ಗಂಡ, “ಅವ್ರ ಮನೆ ಜಗಳ ನಿಂಗೆಂತಕ್ಕೆ ಮಾರಾಯ್ತಿ? ಟೈಪ್ ಮಾಡಿ ಬಾ, ಖಲಾಸ್” ಎಂದರು. ನನಗೆ ಮನಸ್ಸು ತಡೆಯಲಿಲ್ಲ. ಮುಂದಿನ ಶನಿವಾರ, “ಒಂದು ಫೋನ್ ಮಾಡಿ ಸರ್” ಎಂದೆ. ಮಾಡಿದರು.

ಅದರ ಮುಂದಿನ ಶನಿವಾರ ಮಗ ಬಂದ, ಅಪ್ಪನಷ್ಟೇ ಎತ್ತರ. ನಾನು ಎದ್ದರೆ ಅವರು ಕೂರುವಂತೆ ಕಣ್ಣಲ್ಲೇ ಬೇಡಿಕೊಂಡರು. ಇಬ್ಬರೂ ರಸ್ತೆಯ ಟ್ರಾಫಿಕ್, ಈ ಸಲದ ಸೆಕೆ, ಏರಿದ ಬಾಡಿಗೆ ಎಂದು ಮಾತಾಡಿದರು. ಒಮ್ಮೆ ಮಗ, “ಅಮ್ಮ ಇದ್ದಿದ್ದರೆ...” ಎಂದು ಶುರುಮಾಡಿದ. ಅಪ್ಪ ಗಾಬರಿಯಾದವರಂತೆ, “ಇನ್ನೊಂದು ಕಪ್ ಚಹಾ?” ಎಂದುಬಿಟ್ಟರು.

ಮಗನನ್ನು ಕಳಿಸಿ ಬಂದವರು ನನ್ನೆದುರು ಕೂತರು. “ಕ್ಷಮಿಸು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಲಿಫ್ಟ್ ಬಂದುಬಿಟ್ಟಿತು.”

ಆ ವಾರವೇ, ದೊರೆ ಮನೆಯಲ್ಲೇ ಇದ್ದ ಎಂದು ಬರೆಸಿದರು. ಮಗ ಕ್ರಿಸ್‌ಮಸ್‌ಗೆ ಕೇಕ್ ಹಿಡಿದು ಬರತೊಡಗಿದ, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ. ಹೋದ ವರ್ಷ ಅವನಿಗೆ ಆಸ್ಟ್ರೇಲಿಯಾದಲ್ಲಿ ಕೆಲಸವಾಯಿತು. ಹೊರಡುವ ಮುನ್ನ ಬಂದಿದ್ದನಂತೆ, ನಾನಿರಲಿಲ್ಲ. “ನೀವು ಏನಾದ್ರೂ ಹೇಳಿದ್ರಾ ಸರ್?” ಎಂದು ಕೇಳಿದೆ.

“ವಿಮಾನ ಎಷ್ಟು ಹೊತ್ತಿಗೆ ಅಂತ ಕೇಳಿದೆ” ಎಂದರು.