ಇಳಿಯಲು ಉಳಿಸಿದ ಹುಣಸೆಬೀಜ

ಯಲ್ಲಾಪುರದ ಹಯಾತ್ ಸಾಬರು ಲಾರಿ ಓಡಿಸಿ ಹೆಸರು ಮಾಡಿದವರು. ತೊಂಬತ್ತೇಳನೇ ಇಸವಿಯಲ್ಲಿ ಘಟ್ಟದಲ್ಲಿ ಲಾರಿ ಮಗುಚಿ ಬಲಗಾಲು ಹೋದ ಮೇಲೆ ಹೊಸ್ತಿಲು ದಾಟಲಿಲ್ಲ. ಹೆಂಡತಿ ಬದ್ರುನ್ನಿಸಾ ಹೇಳಿ ಹೇಳಿ ಸೋತಳು. ಊರವರ ‘ಅಯ್ಯೋ ಪಾಪ’ ಕೇಳುವುದಕ್ಕಿಂತ ಮಂಚವೇ ವಾಸಿ ಎಂದು ಸಾಬರು ಗೋಡೆಗೆ ಮುಖ ಮಾಡಿ ಮಲಗಿದರು.

ಪಕ್ಕದಲ್ಲಿ ಬಾಡಿಗೆಗಿದ್ದ ಶಾಂತಾರಾಮ ಮಾಸ್ತರರು ಮಾತ್ರ ಪಾಪ ಅನ್ನಲಿಲ್ಲ. ಒಂದು ಭಾನುವಾರ ಹಳೇ ಕ್ಯಾಲೆಂಡರಿನ ಹಿಂಬದಿಗೆ ಭೂಮಿ ಬರೆದು, ಸುತ್ತ ಒಂದರ ಮೇಲೊಂದು ಉಂಗುರ ಎಳೆದು, ಆಟದ ಮನೆಗಳನ್ನು ಹಾಕಿಕೊಂಡು ಬಂದರು. ಸೋಡಾ ಬಾಟಲಿಯ ಮುಚ್ಚಳವೇ ರಾಕೆಟ್ಟು, ಹುಣಸೆಬೀಜವೇ ಇಂಧನ. ಮೇಲೇರಿ, ಸುತ್ತಿ, ಕ್ಷೇಮವಾಗಿ ಇಳಿದವನು ಗೆದ್ದ.

“ಮಕ್ಕಳಿಗೆ ಅಂತ ಮಾಡಿದ್ದು. ಸರಿ ಇದ್ಯಾ ನೋಡೂಕೆ ಒಬ್ರು ಬೇಕಾಗಿತ್ತು” ಎಂದರು. ಸಾಬರು ಗೋಡೆ ಬಿಟ್ಟು ಇತ್ತ ಹೊರಳಿದರು.

ನೆಲ ಬಿಟ್ಟೇಳಲು ಸಾಬರು ಮುಷ್ಟಿ ಬೀಜ ಸುರಿದರು. ಅದು ಸರಿಯೇ. ಆದರೆ ಲಾರಿಯವರ ಚಾಳಿ ಬಿಡುತ್ತದೆಯೇ? ಉಂಗುರ ಸೇರಿದ ಮೇಲೂ ಪ್ರತಿ ಸರದಿಗೆ ಒಂದೊಂದು ಬೀಜ ಇಡುತ್ತಲೇ ಹೋದರು. ಮುಚ್ಚಳ ಇನ್ನೂ ಮೇಲಿನ ಉಂಗುರಗಳಿಗೆ ಏರಿತು.

“ಎಂತಕ್ಕೆ ಇನ್ನೂ ಎಕ್ಸಲೇಟರ್ ಒತ್ತೂದು ಸಾಬ್ರೆ?”

“ಒತ್ತದಿದ್ರೆ ಗಾಡಿ ನಿಲ್ಲೂದಿಲ್ವಾ ಮಾಸ್ತರ್ರೆ?”

“ಅಲ್ಲಿ ತಡೆಯೂಕೆ ರಸ್ತೆ ಇಲ್ಲ, ಗಾಳಿ ಇಲ್ಲ. ಭೂಮಿ ಕೆಳಗೆ ಎಳೀತದೆ, ನಾವು ಮುಂದೆ ಓಡ್ತಿರ್ತೇವೆ, ಅದಕ್ಕೇ ಸುತ್ತು. ಇಳೀಬೇಕಂದ್ರೆ ವೇಗ ಕಡಿಮೆ ಮಾಡ್ಬೇಕು. ಬೀಜ ಬೇಕಾಗೂದು ಆಗ.”

ಸಾಬರು ತಮ್ಮ ಬೀಜದ ಬಟ್ಟಲು ನೋಡಿದರು. ಖಾಲಿ. ಅಪಘಾತದ ನಂತರ ಅವರು ಮೊದಲ ಸಲ ನಕ್ಕರು. ಒಳಗೆ ರೊಟ್ಟಿ ಬೇಯಿಸುತ್ತಿದ್ದ ಬದ್ರುನ್ನಿಸಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆಮೇಲೆ ಮಾಸ್ತರರು ಬಾರದ ಭಾನುವಾರವಿಲ್ಲ. ಸಾಬರು ಇಂಧನ ಉಳಿಸಿ ಇಳಿಯಲು ಕಲಿತರು, ಗೆಲ್ಲಲೂ ಕಲಿತರು. ಹೊಸ್ತಿಲು ಮಾತ್ರ ದಾಟಲಿಲ್ಲ. ಮಾಸ್ತರರಿಗೆ ತ್ಯಾಗಲಿ ಕಡೆ ವರ್ಗವಾದಾಗಲೂ, “ಬಸ್ ಸ್ಟ್ಯಾಂಡಿಗೆ ಬರೂದಿಲ್ಲ, ಬೇಜಾರ ಮಾಡ್ಕೋಬೇಡಿ” ಎಂದರು ಸಾಬರು.

ಮರುದಿನ ಬಸ್ಸು ಹೊರಡುವ ಹೊತ್ತಿಗೆ ಊರುಗೋಲು ಊರುತ್ತ ಸಾಬರು ಬಂದರು, ಹಿಂದೆ ಬದ್ರುನ್ನಿಸಾ. ಯಾರೋ ಅಯ್ಯೋ ಪಾಪ ಎಂದರು. ಅಂದುಕೊಳ್ಳಲಿ ಎಂದು ಸಾಬರು ಮುಂದೆ ನಡೆದರು.

“ನೀವು ಬರದಿದ್ರೆ ಆ ಮಂಚದ ಮೇಲೇ ಮುಗೀತಿದ್ದೆ ಮಾಸ್ತರ್ರೆ. ಈ ಉಪಕಾರ ಮರೆಯೂದಿಲ್ಲ.”

ಬಸ್ಸಿನ ಕಿಟಕಿಯೊಳಗೆ ಕೈ ಚಾಚಿ ಹುಣಸೆಬೀಜದ ಎರಡು ಬಟ್ಟೆಗಂಟು ಕೊಟ್ಟರು.

“ದೊಡ್ಡದು ಅಲ್ಲಿ ಆಡೂಕೆ. ಸಣ್ಣದು ಮುಟ್ಟಬೇಡಿ. ಅದು ವಾಪಸ್ ಬರೂಕೆ.”

ಮಾಸ್ತರರು ದೊಡ್ಡ ಗಂಟನ್ನು ಚೀಲಕ್ಕೆ ಹಾಕಿದರು. ಸಣ್ಣದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು.