ಟೈಲ್ಸ್ ಅಕ್ಕನ ಹೆಸರಿಗೆ ಬಂದ ಕಾಗದ

"ಅಮ್ಮಾ, ಟೈಲ್ಸ್ ಅಕ್ಕ ನಮ್ಮನೇಲಿ ಯಾವ ರೂಮಲ್ಲಿರೋದು?"

ಚಿನ್ನಿಯ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ವಾಚ್‌ಮನ್ ತಂದುಕೊಟ್ಟ ಕಾಗದದ ಮೇಲೆ ಮನೆ ನಂಬರು ಇವರದೇ, ಹೆಸರು ಮಾತ್ರ ಟೈಲ್ಸ್ ಅಕ್ಕನದು. ಮೂಲೆಯಲ್ಲಿ ಶಾಲೆಯ ಮೊಹರು.

ಹೋದ ತಿಂಗಳು ಬಚ್ಚಲಲ್ಲಿ ಒಡೆದ ಟೈಲ್ಸ್ ಬದಲಿಸಲು ಬಂದವಳು ಅವಳು. ಸಂದುಗಳಿಗೆ ಬಿಳಿ ಸಿಮೆಂಟ್ ತುಂಬುತ್ತಲೇ ತನ್ನ ಕಥೆ ಹೇಳಿದ್ದಳು. ಕಟ್ಟಡ ಮುಗಿಯುವವರೆಗೆ ಅದರೊಳಗೇ ಸಂಸಾರ. ಬಾಗಿಲು ಕೂರಿಸಿದ ದಿನ ಗಂಟುಮೂಟೆ ಕಟ್ಟಿ ಮುಂದಿನ ಕಟ್ಟಡಕ್ಕೆ. ಇದನ್ನು ಕಟ್ಟುವಾಗ ಈ ಮನೆಯ ಹಾಲ್‌ನಲ್ಲೂ ಎಂಟು ತಿಂಗಳು ಮಲಗಿದ್ದಳಂತೆ.

"ನನ್ನ ಮಗಳು ಮೂರು ಊರಲ್ಲಿ ಒಂದನೇ ಕ್ಲಾಸು ಓದಿದಾಳೆ. ಒಂದನೇ ಕ್ಲಾಸಿಗೆ ಅವಳಂಥ ಪಂಡಿತೆ ಇನ್ನೊಬ್ಬಳಿಲ್ಲ ಕಣಮ್ಮಾ," ಎಂದು ನಕ್ಕಿದ್ದಳು. ಟಿ.ಸಿ. ಇಲ್ಲ, ವಿಳಾಸ ಇಲ್ಲ ಎಂದು ಇಲ್ಲಿ ಎರಡು ಶಾಲೆಗಳು ವಾಪಸ್ ಕಳಿಸಿದ್ದವು. ಮೂರನೆಯದಕ್ಕೆ ಅರ್ಜಿ ಕೊಟ್ಟು ಕಾಯುತ್ತಿದ್ದಳು.

ಚಿನ್ನಿಯನ್ನು ಎಳೆದುಕೊಂಡೇ ಅಮ್ಮ, ಅವಳು ಈಗಿದ್ದ ಹಿಂದಿನ ಬೀದಿಯ ಹೊಸ ಕಟ್ಟಡಕ್ಕೆ ಹೋದಳು. ಟೈಲ್ಸ್ ಅಕ್ಕ ಕೈ ಒರೆಸಿಕೊಂಡು, "ನೀವೇ ಓದಿ," ಎಂದಳು. ಮಗುವಿಗೆ ವಯಸ್ಸಿಗೆ ತಕ್ಕಂತೆ ಮೂರನೇ ತರಗತಿಯಲ್ಲಿ ಜಾಗವಿದೆ, ಟಿ.ಸಿ. ಇಲ್ಲದಿದ್ದರೂ ಸರಿ, ಶುಕ್ರವಾರ ಮಧ್ಯಾಹ್ನದೊಳಗೆ ಬಾರದಿದ್ದರೆ ಬೇರೆಯವರಿಗೆ.

"ಇವತ್ತೇ ಅಕ್ಕಾ, ನಡೀರಿ. ಅಲ್ಲಾ, ನಮ್ಮನೆ ವಿಳಾಸ ಯಾಕೆ ಕೊಟ್ರಿ?"

"ನಂಬರು ಇರೋ ಬಾಗಿಲು ನಂಗೆ ಗೊತ್ತಿದ್ದಿದ್ದು ಅದೊಂದೇ. ಇಲ್ಲಿ ಬಾಗಿಲೇ ಇಲ್ವಲ್ಲ." ಮರಳ ರಾಶಿಯ ಮೇಲಿದ್ದ ಮಗಳ ಮುಖ ತೊಳೆಸಿ ಹೊರಟಳೇನೋ ನಿಜ, ಶಾಲೆಯ ಗೇಟಿನ ಹತ್ತಿರ ನಿಂತುಬಿಟ್ಟಳು. "ಸುಳ್ಳು ವಿಳಾಸ ಅಂತ ಓಡಿಸಿಬಿಟ್ರೆ?"

ಮುಖ್ಯೋಪಾಧ್ಯಾಯಿನಿ ಕೇಳಿದ್ದೂ ಅದನ್ನೇ. "ಈ ಮನೇಲಿ ಇರೋರು ಯಾರು?"

"ನಾವು, ಮೇಡಂ," ಎಂದಳು ಚಿನ್ನಿಯ ಅಮ್ಮ. "ನಮಗಿಂತ ಮೊದಲು ಇವರು."

ಆಕೆ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು. "ವಿಳಾಸ ಕೇಳಿದ್ದು ಕಾಗದ ತಲುಪೋಕೆ. ತಲುಪ್ತಲ್ಲ, ಸಾಕು."

ಹುಡುಗಿ ಮೂರನೇ ತರಗತಿಯೊಳಗೆ ಹೋದವಳು ತಿರುಗಿಯೂ ನೋಡಲಿಲ್ಲ. ಟೈಲ್ಸ್ ಅಕ್ಕ ಸಿಮೆಂಟ್ ಮೂಟೆ ಇಳಿಸಿದವಳಂತೆ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಇನ್ನು ಎಲ್ಲಿಗೆ ಕೆಲಸಕ್ಕೆ ಹೋದ್ರೂ ಬಸ್ಸು ಹತ್ತಿಸಿ ಇಲ್ಲಿಗೇ ಕಳಿಸ್ತೀನಿ," ಎಂದಳು. ಆಮೇಲೆ ಸೆರಗಿನ ತುದಿಯಿಂದ ಉಗುರ ಸಂದಿಯ ಬಿಳಿ ಪುಡಿ ಒರೆಸುತ್ತಾ, ತಗ್ಗಿದ ದನಿಯಲ್ಲಿ ಕೇಳಿದಳು: "ಕಾಗದ ಮಾತ್ರ ನಿಮ್ಮನೆಗೇ ಬರ್ತಿರಲಿ. ಆಗುತ್ತಾ?"